ಗಾಜು ಹೇಳಿದ್ದು, ಇಲಿ ಹೇಳಿದ್ದು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಈ ಚಿತ್ರದಿಂದ ಶುರು ಮಾಡೋಣ. ಸೂಕ್ಷ್ಮದರ್ಶಕದಡಿ ಕಾಣುವ ಬೂಷ್ಟಿನ ಎಳೆಗಳು ಇವು. ಎಡಗಡೆಯವು ನೆಟ್ಟಗೆ, ನೂಲು ಹಾಸಿದ ಹಾಗೆ ಹರಡಿಕೊಂಡಿವೆ. ಬಲಗಡೆಯವು ಬಿಸಿಗೆ ಹಿಡಿದ ಕೂದಲಿನಂತೆ ಸುರುಳಿ ಸುತ್ತಿ ಮುರುಟಿವೆ. ಎರಡೂ ಒಂದೇ ಜಾತಿಯ ಬೂಷ್ಟು. ಬಲಗಡೆಯದಕ್ಕೆ ಗ್ರೈಸಿಯೊಫಲ್ವಿನ್ ಅನ್ನೋ ಪದಾರ್ಥ ಸ್ವಲ್ಪ ಬೆರೆಸಿದೆ, ಅಷ್ಟೇ ವ್ಯತ್ಯಾಸ.

ಗ್ರೈಸಿಯೊಫಲ್ವಿನ್ ಸಿಕ್ಕಿದ್ದು 1939ರಲ್ಲಿ, ಲಂಡನ್ನಿನಲ್ಲಿ. ಆಕ್ಸ್‌ಫರ್ಡ್, ರೈಸ್ಟ್ರಿಕ್, ಸಿಮೊನಾರ್ ಎಂಬ ಮೂವರು ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ ಅದನ್ನು ಬೇರ್ಪಡಿಸಿ, ರಚನೆಯ ಬಗ್ಗೆ ಬರೆದು, ಸುಮ್ಮನಾದರು. 1946ರಲ್ಲಿ ಬ್ರಯನ್ ಮತ್ತು ಸಂಗಡಿಗರು ಎಳೆಗಳನ್ನು ಹೀಗೆ ಮುರುಟಿಸುವ ಒಂದು ವಸ್ತುವನ್ನು ಕಂಡು ಅದಕ್ಕೆ 'ಸುರುಳಿಕಾರಕ' ಅನ್ನುವ ಅರ್ಥದ ಹೆಸರಿಟ್ಟರು. ಆಮೇಲೆ ನೋಡಿದರೆ ಎರಡೂ ಒಂದೇ ವಸ್ತು! ಗಿಡಗಳ ಶಿಲೀಂಧ್ರ ರೋಗಕ್ಕೆ ಆಗುತ್ತದೇನೋ ಎಂದು ಕೆಲವು ವರ್ಷ ಪ್ರಯತ್ನ ನಡೆಯಿತು. ಮನುಷ್ಯರ ಹುಳುಕಡ್ಡಿಗೆ ಆಗಬಹುದೇ ಅನ್ನುವ ಪ್ರಶ್ನೆ ಬಂದರೂ ಉತ್ತರ ಉತ್ಸಾಹ ತರುವಂತಿರಲಿಲ್ಲ. ಚರ್ಮದ ಮೇಲೆ ಹಚ್ಚಿದರೆ ಹೇಳಿಕೊಳ್ಳುವಂಥ ಗುಣವಿಲ್ಲ. ಗಾಜಿನ ತಟ್ಟೆಯಲ್ಲೂ ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ತಡೆಯುತ್ತದೆ, ಅಷ್ಟೇ.

1958ರಲ್ಲಿ ಗ್ಲಾಸ್ಗೋದ ಜೇಮ್ಸ್ ಜೆಂಟಲ್ಸ್ ಹುಳುಕಡ್ಡಿ ಹತ್ತಿಸಿದ ಗಿನಿಪಿಗ್‌ಗಳಿಗೆ ಅದನ್ನು ಬಾಯಿಯ ಮೂಲಕ ಕೊಟ್ಟರು. ಗಾಯಗಳು ಮಾಯ್ದವು. ಔಷಧ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಹೊಸದಾಗಿ ಹುಟ್ಟುತ್ತಿರುವ ಚರ್ಮದ, ಕೂದಲಿನ, ಉಗುರಿನ ಕೋಶಗಳಿಗೆ ಸೇರಿ, ಅಲ್ಲಿನ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಲ್ಲಿ ಕೂತುಬಿಡುತ್ತದೆ. ಕೂದಲು ಬೆಳೆಯುತ್ತಾ ಹೋದಂತೆ ಬುಡದಿಂದ ಬರುವ ಹೊಸ ಭಾಗದಲ್ಲಿ ಔಷಧವಿರುತ್ತದೆ. ಶಿಲೀಂಧ್ರ ಅದರೊಳಗೆ ಇಳಿಯಲಾರದು. ತುದಿಯಲ್ಲಿರುವ ರೋಗ ಕೂದಲಿನ ಜೊತೆಗೇ ಹೊರಗೆ ಹೋಗಿ ಉದುರುತ್ತದೆ. ಹಾಗಾಗಿ ಕೊಲ್ಲುವ ಅಗತ್ಯವೇ ಇಲ್ಲ, ತಡೆದರೆ ಸಾಕು. ಆದರೆ ಉಗುರು ಪೂರ್ತಿ ಬೆಳೆದು ಬರುವ ತನಕ ಕಾಯಬೇಕು, ಅಂದರೆ ತಿಂಗಳುಗಟ್ಟಲೆ ಮಾತ್ರೆ. ಅದೇ ವರ್ಷ ಮನುಷ್ಯರಲ್ಲೂ ಫಲ ಸಿಕ್ಕಿತು.

ಹತ್ತೊಂಬತ್ತು ವರ್ಷ ಆ ಔಷಧ ಕಪಾಟಿನಲ್ಲಿ ಕೂತಿತ್ತು. ತಟ್ಟೆ ಸುಳ್ಳು ಹೇಳಿರಲಿಲ್ಲ, ತನ್ನನ್ನು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ತಟ್ಟೆಯಲ್ಲಿ ಕೂದಲು ಬೆಳೆಯುವುದಿಲ್ಲವಲ್ಲ! ಇವತ್ತು ನಾನು ಹೇಳಹೊರಟಿರುವುದು ಹೆಚ್ಚುಕಡಿಮೆ ಇದನ್ನೇ. ಪ್ರಯೋಗಾಲಯದ ತಟ್ಟೆಗೂ ಪ್ರಾಣಿಯ ಮೈಗೂ ತಾಳೆಯಾಗದ ಕಡೆಯೇ, ಶಿಲೀಂಧ್ರಕ್ಕೆ ಔಷಧ ಹುಡುಕುವ ಈ ವಿದ್ಯೆ ಹೆಚ್ಚು ಕಲಿತಿದೆ.

ಅದಕ್ಕೆ ಮೊದಲು, ಈ ಔಷಧಗಳು ಯಾಕೆ ಇಷ್ಟು ಕಡಿಮೆ? ಬ್ಯಾಕ್ಟೀರಿಯಾ ನಮಗೆ ಪೂರಾ ಹೊರಗಿನವರು. ಶಿಲೀಂಧ್ರ ಹಾಗಲ್ಲ, ಅದು ದಾಯಾದಿ. ವಂಶವೃಕ್ಷದಲ್ಲಿ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅದರ ಕೋಶಕ್ಕೂ ನಮ್ಮ ಹಾಗೆ ನ್ಯೂಕ್ಲಿಯಸ್ ಇದೆ, ಒಳಗಿನ ಬಹುಪಾಲು ಯಂತ್ರೋಪಕರಣ ಒಂದೇ ಥರ. ದಾಯಾದಿಯ ಮನೆಗೆ ಬೆಂಕಿ ಹಚ್ಚಿದರೆ ನಡುಗೋಡೆ ನಮ್ಮದೂ ಹೌದಲ್ಲವೇ? ಹಾಗಾಗಿ ಹೊಡೆಯಲು ಸಿಗುವ ಜಾಗಗಳು ಬೆರಳೆಣಿಕೆಯಷ್ಟು. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್. ಆಂಫೊಟೆರಿಸಿನ್ ಬಿ ಈ ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯನ್ನು ಕೆಡಿಸುತ್ತದೆ. ನಮ್ಮ ಕೊಲೆಸ್ಟೆರಾಲಿನ ಮೇಲೂ ಸ್ವಲ್ಪ ಕೈಹಾಕುವುದರಿಂದಲೇ ಕಿಡ್ನಿಗೆ ಪೆಟ್ಟು. ಫ್ಲುಕೊನಜೋಲ್, ವೊರಿಕೊನಜೋಲ್‌ನಂಥ ಅಜೋಲ್‌ಗಳು ಎರ್ಗೊಸ್ಟೆರಾಲ್ ತಯಾರಾಗುವ ದಾರಿಯನ್ನೇ ಕಟ್ಟುತ್ತವೆ. ಕ್ಯಾಸ್ಪೊಫಂಜಿನ್‌ನ ಬಳಗ ಕೋಶಭಿತ್ತಿಯ ಗ್ಲುಕಾನ್ ನೇಯುವ ಕಿಣ್ವವನ್ನು ನಿಲ್ಲಿಸುತ್ತದೆ; ನಮ್ಮ ಕೋಶಕ್ಕೆ ಭಿತ್ತಿಯೇ ಇಲ್ಲ, ಆದ್ದರಿಂದ ಇದು ಒಳ್ಳೇ ಗುರಿ. ಇನ್ನೊಂದು ಫ್ಲುಸೈಟೊಸಿನ್. 1957ರಲ್ಲಿ ಕ್ಯಾನ್ಸರಿಗೆಂದು ಮಾಡಿದ್ದು, ಅದಕ್ಕೆ ಕೆಲಸಕ್ಕೆ ಬರಲಿಲ್ಲ. ಶಿಲೀಂಧ್ರ ಮಾತ್ರ ತನ್ನದೇ ಕಿಣ್ವದಿಂದ ಅದನ್ನು ವಿಷವಾಗಿಸಿಕೊಂಡು ಸಾಯುತ್ತದೆ. ಇದು ಗೊತ್ತಾದದ್ದು 1960ರ ದಶಕದ ಮೊದಲಲ್ಲಿ, ಇಲಿಗಳಲ್ಲಿ.

ಈಗ ತಟ್ಟೆಗೆ ಬರೋಣ. ನನ್ನ ಕೈಯಲ್ಲಿರುವುದು ಪ್ಲಾಸ್ಟಿಕ್ಕಿನದು, ಅಂಗೈಗಿಂತ ಚೂರು ದೊಡ್ಡದು. ಎಂಟು ಸಾಲು, ಹನ್ನೆರಡು ಕಂಬ, ಒಟ್ಟು 96 ಪುಟ್ಟ ಗುಳಿಗಳು. ಒಂದೊಂದು ಸಾಲಿಗೂ ಒಂದೊಂದು ಔಷಧ. ಮೊದಲ ಗುಳಿಯಲ್ಲಿ ಮಿಲಿಲೀಟರಿಗೆ 64 ಮೈಕ್ರೊಗ್ರಾಂ, ಮುಂದಿನದರಲ್ಲಿ 32, ಆಮೇಲೆ 16, ಹೀಗೆ ಅರ್ಧರ್ಧ ಮಾಡುತ್ತಾ ಹತ್ತನೆಯದಕ್ಕೆ ಬರುವ ಹೊತ್ತಿಗೆ 0.125. ಹನ್ನೊಂದನೆಯದಕ್ಕೆ ಔಷಧವಿಲ್ಲ, ಬರೀ ಶಿಲೀಂಧ್ರ. ಹನ್ನೆರಡನೆಯದಕ್ಕೆ ಎರಡೂ ಇಲ್ಲ. ಉಳಿದೆಲ್ಲಕ್ಕೂ ಅಳೆದ ಸಂಖ್ಯೆಯ ಯೀಸ್ಟ್ (ಒಂಟಿ ಕೋಶದ ಶಿಲೀಂಧ್ರ) ಕೋಶ ಹಾಕಿ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತೇವೆ. ಮಾರನೇ ದಿನ ತಟ್ಟೆಯ ಅಡಿಗೊಂದು ಕನ್ನಡಿ ಹಿಡಿದು ಯಾವ ಗುಳಿ ತಿಳಿಯಾಗಿದೆ, ಯಾವುದು ಮೋಡ ಕವಿದಂತಿದೆ ಎಂದು ನೋಡುತ್ತೇವೆ. ಬೆಳವಣಿಗೆ ನಿಂತ ಅತಿ ಕಡಿಮೆ ಪ್ರಮಾಣ ಎಷ್ಟೋ ಅದು 'ಎಂಐಸಿ'. ಈ ಮೂರಕ್ಷರವನ್ನು ಇವತ್ತು ಹಲವು ಸಲ ಕೇಳುತ್ತೀರಿ.

ಇಷ್ಟು ಸರಳವಾದದ್ದನ್ನು ಎಲ್ಲರೂ ಒಂದೇ ಥರ ಮಾಡುವಂತಾಗಲು ಹದಿನೈದು ವರ್ಷ ಹಿಡಿಯಿತು. ಒಂದೇ ತಳಿಯನ್ನು ಹತ್ತು ಲ್ಯಾಬಿಗೆ ಕಳಿಸಿದರೆ ಹತ್ತು ಉತ್ತರ ಬರುತ್ತಿದ್ದ ಕಾಲವಿತ್ತು. ಬೆಳೆಸುವ ದ್ರವ ಬೇರೆ, ಆಮ್ಲೀಯತೆ ಬೇರೆ, ಹಾಕುವ ಕೋಶಗಳ ಸಂಖ್ಯೆ ಬೇರೆ, ಓದುವ ಹೊತ್ತು ಬೇರೆ. ಅಮೆರಿಕದಲ್ಲಿ 1982ರಲ್ಲಿ ಇದಕ್ಕೆಂದೇ ಉಪಸಮಿತಿ ಕೂತಿತು. ಯೀಸ್ಟಿಗೆ ಒಪ್ಪಿತವಾದ ವಿಧಾನ ಹೊರಬಂದದ್ದು 1997ರಲ್ಲಿ. ದ್ರವ ಯಾವುದು ಗೊತ್ತೇ? ಆರ್‌ಪಿಎಂಐ 1640. ರಾಸ್‌ವೆಲ್ ಪಾರ್ಕ್ ಎಂಬ ಕ್ಯಾನ್ಸರ್ ಸಂಸ್ಥೆಯಲ್ಲಿ ಮನುಷ್ಯರ ಬಿಳಿ ರಕ್ತಕಣಗಳನ್ನು ಸಾಕಲು ಮಾಡಿಕೊಂಡಿದ್ದ ಆಹಾರ. ಅದರಲ್ಲಿ ಏನೇನು ಎಷ್ಟೆಷ್ಟಿದೆ ಅನ್ನುವುದು ಪಕ್ಕಾ ಗೊತ್ತು, ಹಾಗಾಗಿ ಆರಿಸಿಕೊಂಡರು. ಯುರೋಪಿನವರೂ ಅದನ್ನೇ ಬಳಸುತ್ತಾರೆ, ಆದರೆ ಸಕ್ಕರೆ ಹೆಚ್ಚು ಹಾಕುತ್ತಾರೆ, ಕೋಶಗಳನ್ನು ನೂರು ಪಟ್ಟು ಹೆಚ್ಚು ಹಾಕುತ್ತಾರೆ. ಎಂಐಸಿ ಅನ್ನುವುದು ಶಿಲೀಂಧ್ರದ ಹಣೆಬರಹವಲ್ಲ, ಒಂದು ಒಪ್ಪಂದ. ನನಗೆ ಇದರಲ್ಲಿ ನಾಚಿಕೆಪಡುವಂಥದ್ದು ಕಾಣುವುದಿಲ್ಲ. ಅದನ್ನು ಮರೆತು ಓದಿದರೆ ಮಾತ್ರ ತೊಂದರೆ.

ಓದುವುದೂ ಒಂದು ಕಲೆಯೇ. ಆಂಫೊಟೆರಿಸಿನ್ ಇದ್ದರೆ ಸುಲಭ, ಗುಳಿ ತಿಳಿ ಇಲ್ಲವೇ ಮೋಡ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಮೇಲೆ ಕ್ಯಾಸ್ಪೊಫಂಜಿನ್ ಹಾಕಿದರೆ ಗುಳಿ ಯಾವತ್ತೂ ಪೂರ್ತಿ ತಿಳಿಯಾಗುವುದಿಲ್ಲ. ಕಣ್ಣಿಗೆ ಬೆಳವಣಿಗೆ ಇದ್ದ ಹಾಗೆಯೇ. ಸೂಕ್ಷ್ಮದರ್ಶಕದಡಿ ಇಟ್ಟರೆ ಉದ್ದನೆಯ ಎಳೆಗಳ ಬದಲು ಗಿಡ್ಡ, ದಪ್ಪ, ಅಡ್ಡಾದಿಡ್ಡಿ ಕವಲೊಡೆದ ಮೊಂಡು ಗಂಟುಗಳು. ಬೆಳೆಯುವ ತುದಿಗಳು ಸಾಯುತ್ತಿವೆ, ಬುಡ ಬದುಕಿದೆ. ಅಂಥಲ್ಲಿ ಎಂಐಸಿ ಬಿಟ್ಟು, ಎಳೆ ಹೀಗೆ ಮೊಂಡಾಗಲು ಬೇಕಾದ ಕನಿಷ್ಠ ಪ್ರಮಾಣವನ್ನೇ ಬರೆದುಕೊಳ್ಳುತ್ತೇವೆ.

ಅಜೋಲ್‌ಗಳದ್ದು ಬೇರೆಯೇ ಪೇಚು. ನಾನು ಲ್ಯಾಬಿಗೆ ಸೇರಿದ ಹೊಸತು. ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟಿನ ಒಂದು ತಳಿಯ ಫ್ಲುಕೊನಜೋಲ್ ಸಾಲನ್ನು 48 ಗಂಟೆಗೆ ಓದಿದೆ. 64ರ ತನಕ ಎಲ್ಲಾ ಗುಳಿಗಳಲ್ಲೂ ತೆಳ್ಳಗೆ ಮೋಡ. 'ಪ್ರತಿರೋಧಿ' ಎಂದು ಬರೆದು ಹಿರಿಯ ಮೇಡಂ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನಿನ್ನೆ ಓದಿದ್ದೀಯೇನಮ್ಮಾ?"

"ಇಲ್ಲ ಮೇಡಂ, ಚೆನ್ನಾಗಿ ಬೆಳೀಲಿ ಅಂತ ಎರಡು ದಿನ ಬಿಟ್ಟೆ."

"ನೀನು ಬಿಟ್ಟಿದ್ದಕ್ಕೆ ಅದು ಬೆಳೀತು. ಇನ್ನೊಂದು ತಟ್ಟೆ ಹಾಕು, ನಾಳೆ ಇದೇ ಹೊತ್ತಿಗೆ ನನ್ನನ್ನ ಕರಿ."

ಮಾರನೇ ದಿನ 24 ಗಂಟೆಗೆ ನೋಡಿದರೆ 0.25ರಲ್ಲೇ ಬೆಳವಣಿಗೆ ಅರ್ಧಕ್ಕಿಂತ ಕೆಳಗಿತ್ತು. ಅಜೋಲ್‌ಗೆ ಅರ್ಧ ಇಳಿದರೆ ಸಾಕು, ಅದೇ ಎಂಐಸಿ. ಉಳಿದ ಮೋಡವನ್ನು ನಮ್ಮವರು 'ಟ್ರೇಲಿಂಗ್' ಅನ್ನುತ್ತಾರೆ. ಔಷಧ ಬೆಳವಣಿಗೆಯನ್ನು ತಗ್ಗಿಸಿದೆ, ಆದರೆ ಬಾಲದಂತೆ ಒಂದಿಷ್ಟು ಉಳಿದು ಎಳೆಯುತ್ತಾ ಬರುತ್ತದೆ. ಎರಡು ದಿನ ಬಿಟ್ಟರೆ ಬಾಲವೇ ಬೆಳೆದು ಪ್ರಾಣಿಯಷ್ಟಾಗುತ್ತದೆ.

ಸರಿ, ಆದರೆ 24 ಗಂಟೆಯ ಓದು ಸರಿಯೋ, 48ರದ್ದು ಸರಿಯೋ? ತಟ್ಟೆಯನ್ನು ಇನ್ನೆಷ್ಟು ಸಲ ನೋಡಿದರೂ ಇದು ಇತ್ಯರ್ಥವಾಗುವುದಿಲ್ಲ. ಇಂಥ ತಳಿಗಳನ್ನು ಇಲಿಗಳಿಗೆ ಸೋಂಕು ಮಾಡಿ ಸಾಧಾರಣ ಪ್ರಮಾಣದ ಫ್ಲುಕೊನಜೋಲ್ ಕೊಟ್ಟು ನೋಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಇಲಿಗಳಿಗೆ ಗುಣವಾಯಿತು, ಆ ತಳಿಗಳು ಔಷಧಕ್ಕೆ ಬಗ್ಗುವಂಥವೇ. 24 ಗಂಟೆಯ ಓದು ಗೆದ್ದಿತು. ದ್ರವವನ್ನು ಹುಳಿಯಾಗಿಸಿದರೆ, ಪಿಎಚ್ 5ರ ಆಸುಪಾಸಿಗೆ ಇಳಿಸಿದರೆ, ಈ ಬಾಲ ತಾನಾಗಿ ಮಾಯವಾಗುತ್ತದೆ ಅನ್ನುವುದೂ ತಿಳಿಯಿತು.

ಫ್ಲುಕೊನಜೋಲ್ ಹುಟ್ಟಿದ ಕತೆಯೂ ಇಂಥದ್ದೇ. 1980ರ ದಶಕದ ಆರಂಭ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯದಲ್ಲಿ ಕೆನ್ ರಿಚರ್ಡ್‌ಸನ್ ತಂಡ ಹೊಸ ಅಜೋಲ್ ಹುಡುಕುತ್ತಿತ್ತು. ಆಗ ಮಾರುಕಟ್ಟೆಯಲ್ಲಿದ್ದದ್ದು ಕೀಟೊಕೊನಜೋಲ್. ಅವತ್ತಿನ ತಟ್ಟೆಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಫ್ಲುಕೊನಜೋಲ್ ನಪಾಸು. ತಟ್ಟೆಯನ್ನೇ ನಂಬಿದ್ದರೆ ಅದು ಕಸದ ಬುಟ್ಟಿಗೆ ಹೋಗಬೇಕಿತ್ತು. ಆ ತಂಡ ತನ್ನ ಸಂಯುಕ್ತಗಳನ್ನು ಸೋಂಕು ತಗುಲಿದ ಇಲಿಗಳಲ್ಲೂ ಪರೀಕ್ಷಿಸುತ್ತಿತ್ತು, ಅದರಿಂದ ಉಳಿಯಿತು. ಇಲಿಗಳಲ್ಲಿ ಫ್ಲುಕೊನಜೋಲ್ ಕೀಟೊಕೊನಜೋಲಿಗಿಂತ ಹಲವು ಪಟ್ಟು ಮೇಲಾಗಿತ್ತು.

ಕಾರಣ ಔಷಧದ ನಡವಳಿಕೆಯಲ್ಲಿದೆ. ಕೀಟೊಕೊನಜೋಲ್ ರಕ್ತಕ್ಕೆ ಇಳಿದ ಕೂಡಲೇ ಅದರ ನೂರಕ್ಕೆ 99 ಭಾಗ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಔಷಧ ಕೆಲಸ ಮಾಡದು. ಉಳಿದದ್ದನ್ನು ಯಕೃತ್ತು ಒಡೆದು ಹಾಕುತ್ತದೆ. ಫ್ಲುಕೊನಜೋಲ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಪ್ರೋಟೀನಿಗೆ ಅಂಟುವುದು ಶೇ 12ರಷ್ಟು ಮಾತ್ರ, ಮನುಷ್ಯರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು, ಮೂತ್ರದಲ್ಲಿ ಬಹುಪಾಲು ರೂಪ ಬದಲಿಸದೆ ಹೊರಬರುತ್ತದೆ. ತಟ್ಟೆಯಲ್ಲಿ ರಕ್ತದ ಪ್ರೋಟೀನೂ ಇಲ್ಲ, ಯಕೃತ್ತೂ ಇಲ್ಲ. 1990ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಇವತ್ತು ನಿಮ್ಮಲ್ಲಿ ಎಷ್ಟೋ ಜನ ಅದನ್ನು ನುಂಗಿರುತ್ತೀರಿ.

ಇಲಿಯ ಪ್ರಯೋಗ ಅಂದರೆ ಏನು ಮಾಡುತ್ತಾರೆ? ಕೆಲವರಿಗೆ ಕೇಳಲು ಹಿತವಾಗದಿರಬಹುದು, ಆದರೂ ಮುಚ್ಚಿಡದೆ ಹೇಳುತ್ತೇನೆ. ಆರೋಗ್ಯವಂತ ಇಲಿ ಕ್ಯಾಂಡಿಡಾಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಮೊದಲು ಸೈಕ್ಲೊಫಾಸ್ಫಮೈಡ್ ಕೊಟ್ಟು ಬಿಳಿ ರಕ್ತಕಣಗಳನ್ನು ಇಳಿಸುತ್ತಾರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ರೋಗಿಯ ಸ್ಥಿತಿಯನ್ನು ಹೋಲುವಂತೆ. ಆಮೇಲೆ ಬಾಲದ ರಕ್ತನಾಳಕ್ಕೆ ಎಣಿಸಿದ ಯೀಸ್ಟ್ ಕೋಶಗಳ ಚುಚ್ಚುಮದ್ದು. ಇಲಿಯಲ್ಲಿ ಕ್ಯಾಂಡಿಡಾ ಹೋಗಿ ಬೀಡುಬಿಡುವುದು ಮುಖ್ಯವಾಗಿ ಕಿಡ್ನಿಯಲ್ಲಿ. ಚಿಕಿತ್ಸೆಯ ನಂತರ ಕಿಡ್ನಿಯನ್ನು ತೆಗೆದು ಅರೆದು, ತೆಳುಮಾಡಿ, ತಟ್ಟೆಯ ಮೇಲೆ ಹರಡಿ ಎಷ್ಟು ವಸಾಹತು (ಒಂದೊಂದು ಕೋಶದಿಂದ ಬೆಳೆದ ಗುಂಪು) ಎದ್ದಿತು ಎಂದು ಎಣಿಸುತ್ತಾರೆ. ನೋಡಿ, ಕೊನೆಗೆ ಇಲಿಯ ಉತ್ತರವನ್ನೂ ಓದುವುದು ತಟ್ಟೆಯ ಮೇಲೆಯೇ!

ಈ ಎಣಿಕೆಯಿಂದ ಹೊರಟ ಒಂದು ಲೆಕ್ಕ ನನಗೆ ಬಲು ಇಷ್ಟ. ಒಂದು ದಿನದ ಫ್ಲುಕೊನಜೋಲನ್ನು ಕೆಲವು ಇಲಿಗಳಿಗೆ ಒಂದೇ ಸಲ, ಕೆಲವಕ್ಕೆ ಎರಡು, ಇನ್ನು ಕೆಲವಕ್ಕೆ ನಾಲ್ಕು ಸಲವಾಗಿ ಹಂಚಿ ಕೊಟ್ಟರು. ಫಲ ಒಂದೇ. ಅಂದರೆ ಎಷ್ಟು ಎತ್ತರಕ್ಕೆ ಏರಿತು ಅನ್ನುವುದಕ್ಕಿಂತ ದಿನವಿಡೀ ರಕ್ತದಲ್ಲಿ ಒಟ್ಟು ಎಷ್ಟಿತ್ತು ಅನ್ನುವುದು ಮುಖ್ಯ. ಆಂಫೊಟೆರಿಸಿನ್‌ಗೆ ಹಾಗಲ್ಲ, ಅದಕ್ಕೆ ಶಿಖರ ಬೇಕು. ಫ್ಲುಸೈಟೊಸಿನ್‌ಗೆ ಎಂಐಸಿಗಿಂತ ಮೇಲಿರುವ ಹೊತ್ತು ಬೇಕು. ಡೇವಿಡ್ ಆಂಡಿಸ್ ಮತ್ತು ಸಹೋದ್ಯೋಗಿ 1999ರಲ್ಲಿ ತೋರಿಸಿದ್ದು ಹೀಗೆ: ದಿನದ ಒಟ್ಟು ಫ್ಲುಕೊನಜೋಲನ್ನು ಎಂಐಸಿಯಿಂದ ಭಾಗಿಸಿದರೆ 25ರ ಆಸುಪಾಸು ಬರುವಂತಿದ್ದರೆ, ಔಷಧದಿಂದ ಸಿಗಬಹುದಾದ ಗರಿಷ್ಠ ಫಲದ ಅರ್ಧ ಸಿಗುತ್ತದೆ. ಕಿಡ್ನಿ ಚೆನ್ನಾಗಿರುವ ಮನುಷ್ಯರಲ್ಲಿ ಫ್ಲುಕೊನಜೋಲಿನ ಈ 'ದಿನದ ಒಟ್ಟು' ಹೆಚ್ಚುಕಡಿಮೆ ಕೊಟ್ಟ ಮಿಲಿಗ್ರಾಮಿನಷ್ಟೇ ಅಂಕಿ. ಈಗ ನೀವೇ ಭಾಗಿಸಿ. ದಿನಕ್ಕೆ 200 ಮಿಲಿಗ್ರಾಂ ಕೊಟ್ಟರೆ, 200ನ್ನು 25ರಿಂದ ಭಾಗಿಸಿ 8, ಅಂದರೆ ಎಂಐಸಿ 8ರ ತನಕದ ತಳಿಗೆ ಆ ಪ್ರಮಾಣ ಸಾಕು. 400ಕ್ಕೆ 16. 800ಕ್ಕೆ 32. ಇದಕ್ಕೆ ಎರಡು ವರ್ಷ ಮೊದಲೇ, 1997ರಲ್ಲಿ, ರೋಗಿಗಳ ದಾಖಲೆಗಳನ್ನು ಜಾಲಾಡಿ ಗೆರೆ ಎಳೆದಿದ್ದರು: ಎಂಐಸಿ 8ರ ತನಕ ಔಷಧಕ್ಕೆ ಬಗ್ಗುತ್ತದೆ, 16ರಿಂದ 32ಕ್ಕೆ ಪ್ರಮಾಣ ಏರಿಸಬೇಕು, 64 ಆದರೆ ಆಸೆ ಬಿಡಿ. ಬಿಳಿ ಇಲಿಯ ಕಿಡ್ನಿಯಿಂದ ಬಂದ ಲೆಕ್ಕ, ಮನುಷ್ಯರ ಕೇಸ್ ಶೀಟಿನಿಂದ ಬಂದ ಲೆಕ್ಕ, ಎರಡೂ ಒಂದೇ ಕಡೆ ಬಂದು ನಿಂತವು. (ಕ್ಯಾಂಡಿಡಾ ಆಲ್ಬಿಕಾನ್ಸ್‌ಗೆ ಆ ಗೆರೆಗಳನ್ನು ಆಮೇಲೆ ಕೆಳಗಿಳಿಸಿದರು. ಈಗ 2ರ ತನಕ ಬಗ್ಗುತ್ತದೆ, 8 ಆದರೆ ಬಗ್ಗುವುದಿಲ್ಲ.)

ಹೀಗೆ ಹೇಳಿದರೆ ಇಲಿ ಮಹಾಜ್ಞಾನಿ ಅನ್ನಿಸೀತು. ಹಾಗೇನಿಲ್ಲ. ಇಲಿಯ ಯಕೃತ್ತು ಬಲು ಚುರುಕು. ವೊರಿಕೊನಜೋಲ್ ಕೊಟ್ಟರೆ ಎಷ್ಟು ಬೇಗ ಒಡೆದು ಹಾಕುತ್ತದೆಂದರೆ, ರಕ್ತದಲ್ಲಿ ಅಳೆಯಲೂ ಸಿಗುವುದಿಲ್ಲ. ಪರಿಹಾರ ತಮಾಷೆಯಾಗಿದೆ: ಇಲಿಗಳಿಗೆ ನೀರಿನ ಬದಲು ಗ್ರೇಪ್‌ಫ್ರೂಟ್ ರಸ ಕುಡಿಸಿದರು. ಚಕ್ಕೋತದ ಸಂಬಂಧಿ ಆ ಹಣ್ಣು. ಅದರ ರಸ ಔಷಧ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಇನ್ನು ಕೆಲವರು ಇಲಿ ಬಿಟ್ಟು ಗಿನಿಪಿಗ್ ಹಿಡಿದರು. ಇಲಿಯಲ್ಲಿ ವೊರಿಕೊನಜೋಲ್ ಸೋತಿತು ಎಂದು ಯಾರಾದರೂ ಬರೆದರೆ ಮೊದಲು ಕೇಳಬೇಕಾದ್ದು, ಅದಕ್ಕೆ ಕುಡಿಯಲು ಏನು ಕೊಟ್ಟಿದ್ದಿರಿ?

ಇಲಿ ಹೌದು ಅಂದದ್ದಕ್ಕೆ ಮನುಷ್ಯನ ಮೈ ಇಲ್ಲ ಅಂದದ್ದೂ ಇದೆ. ಮ್ಯೂಕರ್‌ಮೈಕೋಸಿಸ್, ಅಂದರೆ 'ಬ್ಲ್ಯಾಕ್ ಫಂಗಸ್' ರೋಗ, ತರುವ ಬೂಷ್ಟುಗಳಿಗೆ ಕಬ್ಬಿಣದ ಹಸಿವು ಜಾಸ್ತಿ. ರಕ್ತದ ಕಬ್ಬಿಣವನ್ನು ಕಟ್ಟಿಹಾಕುವ ಡೆಫೆರಾಸಿರಾಕ್ಸ್ ಕೊಟ್ಟು ಆ ಬೂಷ್ಟನ್ನು ಉಪವಾಸ ಕೆಡವಿದರೆ ಹೇಗೆ ಎಂದು 2007ರಲ್ಲಿ ಇಲಿಗಳಲ್ಲಿ ನೋಡಿದರು. ಇಲಿಗಳು ಉಳಿದುಕೊಂಡವು. ತರ್ಕ ಚೊಕ್ಕವಾಗಿತ್ತು, ನಾನೂ ಖುಷಿಯಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆ. ಆಮೇಲೆ ಆಂಫೊಟೆರಿಸಿನ್ ಜೊತೆ ಅದನ್ನು ಸೇರಿಸಿ 20 ರೋಗಿಗಳ ಸಣ್ಣ ಪ್ರಯೋಗ ನಡೆಯಿತು, 2012ರಲ್ಲಿ ವರದಿಯಾಯಿತು. ತೊಂಬತ್ತನೇ ದಿನಕ್ಕೆ ಡೆಫೆರಾಸಿರಾಕ್ಸ್ ತೆಗೆದುಕೊಂಡವರಲ್ಲಿ ಶೇ 82ರಷ್ಟು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ 22ರಷ್ಟು ಸಾವು. ಎರಡು ಗುಂಪಿನ ರೋಗಿಗಳೂ ಸಮಸಮ ಇರಲಿಲ್ಲ, ಔಷಧದ ಗುಂಪಿನಲ್ಲಿ ರಕ್ತದ ಕಾಯಿಲೆ ಜೋರಾಗಿದ್ದವರೇ ಹೆಚ್ಚಿದ್ದರು ಅನ್ನುವುದು ನಿಜ. ಆದರೂ ಅಷ್ಟು ದೊಡ್ಡ ಅಂತರ ನೋಡಿದ ಮೇಲೆ ಅದನ್ನು ಧೈರ್ಯವಾಗಿ ಬರೆದುಕೊಡುವವರು ಯಾರು? ಇಲಿಗಳೆಲ್ಲ ಒಂದೇ ವಯಸ್ಸು, ಒಂದೇ ತಳಿ. ಒಂದೇ ದಿನ ಒಂದೇ ಲೆಕ್ಕದ ಸೋಂಕು, ಬೇಗನೇ ಚಿಕಿತ್ಸೆ. ಆಸ್ಪತ್ರೆಗೆ ಬರುವ ರೋಗಿ ಯಾವತ್ತು ಸೋಂಕು ತಗುಲಿತೋ ಗೊತ್ತಿಲ್ಲದೆ, ನಾಲ್ಕು ಕಾಯಿಲೆ, ಹತ್ತು ಮಾತ್ರೆ ಹೊತ್ತು ಬರುತ್ತಾನೆ.

ಇಲಿಗಳ ಸಂಖ್ಯೆ ಇಳಿಸಲು ಈಗ ಜೇನುಗೂಡಿನ ಮೇಣ ತಿನ್ನುವ ಪತಂಗದ ಮರಿಹುಳುವನ್ನು ಬಳಸುವುದು ಹೆಚ್ಚುತ್ತಿದೆ. 37 ಡಿಗ್ರಿಯಲ್ಲಿ ಬದುಕುತ್ತದೆ, ಕಾಲಿನ ಬುಡಕ್ಕೆ ಸೂಜಿ ಹಾಕಬಹುದು, ಸೋಂಕು ಜೋರಾದರೆ ಕೆನೆಬಣ್ಣದ ಹುಳು ಕಪ್ಪಗಾಗುತ್ತದೆ. ಮೊದಲ ಜರಡಿಗೆ ಒಳ್ಳೆಯದು. ಕಿಡ್ನಿಯಿಲ್ಲದ ಪ್ರಾಣಿಯಿಂದ ಔಷಧದ ಪ್ರಮಾಣ ಕಲಿಯಲು ಹೋಗಬಾರದು, ಅಷ್ಟೇ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಔಷಧ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ ಎಂದು ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಕೇಳಿದ. ತಟ್ಟೆಯಲ್ಲೇ ಅದಕ್ಕೆ ಅಪವಾದವಿದೆ. ಕ್ಯಾಸ್ಪೊಫಂಜಿನ್ ಸಾಲಿನಲ್ಲಿ ಕೆಲವು ಕ್ಯಾಂಡಿಡಾ ತಳಿಗಳು ಕಡಿಮೆ ಪ್ರಮಾಣಕ್ಕೆ ಸೋತು, ತುಂಬಾ ಹೆಚ್ಚು ಪ್ರಮಾಣದಲ್ಲಿ ಮತ್ತೆ ಬೆಳೆದು ನಿಲ್ಲುತ್ತವೆ. ಗ್ಲುಕಾನ್ ಸಿಗದಾದಾಗ ಗೋಡೆಗೆ ಕೈಟಿನ್ ಎಂಬ ಇನ್ನೊಂದು ಗಟ್ಟಿ ಪದಾರ್ಥ ತುಂಬಿಕೊಳ್ಳುತ್ತವೆ. ಪ್ರಾಣಿಗಳಲ್ಲಿ ಈ ಚಮತ್ಕಾರ ಹಾಗೆ ಖಚಿತವಾಗಿ ಕಾಣಿಸಿಕೊಂಡಿಲ್ಲ. ಇಲ್ಲೂ ತಟ್ಟೆ ಒಂದು ಹೇಳುತ್ತದೆ, ಮೈ ಇನ್ನೊಂದು.

ಇನ್ನೊಬ್ಬರು ಕೇಳಿದ್ದು: ಲ್ಯಾಬ್ ರಿಪೋರ್ಟಿನಲ್ಲಿ 'ಔಷಧಕ್ಕೆ ಬಗ್ಗುತ್ತದೆ' ಎಂದಿದ್ದರೆ ಗುಣವಾಗುತ್ತದೆ ಎಂದೇ ಅರ್ಥವೇ? ರೆಕ್ಸ್ ಮತ್ತು ಫಾಲರ್ ಇಬ್ಬರೂ 2002ರಲ್ಲಿ ಹಳೆಯ ದಾಖಲೆಗಳನ್ನೆಲ್ಲ ಒಟ್ಟುಹಾಕಿ ಒಂದು ಅಂದಾಜು ಕೊಟ್ಟಿದ್ದಾರೆ. ರಿಪೋರ್ಟು 'ಬಗ್ಗುತ್ತದೆ' ಅಂದರೆ ನೂರಕ್ಕೆ 90ರಷ್ಟು ಸೋಂಕುಗಳು ಗುಣವಾಗುತ್ತವೆ. 'ಬಗ್ಗುವುದಿಲ್ಲ' ಅಂದರೂ 60ರಷ್ಟು ಗುಣವಾಗುತ್ತವೆ. ಆ 60 ನೋಡಿದರೆ ಲ್ಯಾಬಿನವರಾದ ನಮಗೆ ಸ್ವಲ್ಪ ಮುಖಭಂಗವೇ. ಆದರೆ ರೋಗಿಯ ಮೈಯೂ ಹೋರಾಡುತ್ತದಲ್ಲ. ಅದನ್ನು ಅಳೆಯುವ ಗುಳಿ ನಮ್ಮ 96ರಲ್ಲಿ ಇಲ್ಲ. ಅದಕ್ಕೇ, ಎಂಐಸಿ ಎಷ್ಟು ಬಂತು ಎಂದು ವಾರ್ಡಿನಿಂದ ಫೋನ್ ಬಂದಾಗ ಅಂಕಿ ಹೇಳುವ ಮೊದಲು ನಾನು ತಿರುಗಿ ಎರಡು ಮಾತು ಕೇಳುತ್ತೇನೆ: ಬಿಳಿ ರಕ್ತಕಣ ಎಷ್ಟಿದೆ ಡಾಕ್ಟ್ರೇ, ಕತ್ತಿನ ಕ್ಯಾತಿಟರ್ ತೆಗೆದಿದ್ದೀರಾ?